ಕೀಲಿ ಬಳಸಿದ ಮಕ್ಕಳಿಗೆ ಹೊಂಗೆ ಮಾವಾಗುತ್ತಿದೆ: ತಪ್ಪು ಎಲ್ಲಿದೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಶಾಲೆಯ ಸುತ್ತಲಿನ ಮಾವು, ಆಲ, ಅಶ್ವತ್ಥ, ಹೊಂಗೆ, ಬೇವು, ಹುಣಸೆ, ಗುಲ್‌ಮೊಹರ್ ಎಂಬ 7 ಮರಗಳನ್ನು ಒಂಬತ್ತನೇ ತರಗತಿಯ ಮಕ್ಕಳು ತಾವೇ ಗುರುತಿಸಲೆಂದು, ಪ್ರತಿ ಹಂತದಲ್ಲೂ ಎರಡೇ ಆಯ್ಕೆಗಳಿರುವ ಡೈಕಾಟಮಸ್ ಕೀಲಿಯೊಂದನ್ನು ಬರೆದೆ. ಎಲೆ ಸರಳವೋ (ತೊಟ್ಟಿಗೆ ಒಂದೇ ಹಾಳೆ) ಸಂಯುಕ್ತವೋ (ಒಂದೇ ತೊಟ್ಟಿನ ಮೇಲೆ ಹಲವು ಕಿರುಎಲೆಗಳು) ಎಂಬುದು ಮೊದಲ ಹಂತ, ಸರಳವಾದರೆ, ತೊಟ್ಟು ಮುರಿದಾಗ ಬಿಳಿ ಹಾಲು ಒಸರುತ್ತದೆಯೇ ಎಂಬುದು ಎರಡನೆಯದು, ಒಸರದಿದ್ದರೆ ಮಾವು. ತರಗತಿಯಲ್ಲಿ ಈ ವ್ಯತ್ಯಾಸಗಳನ್ನು ತಪ್ಪಿಲ್ಲದೆ ಹೇಳುವ ಮಕ್ಕಳೇ ಮರದ ಕೆಳಗೆ ನಿಂತಾಗ ಹೊಂಗೆಯನ್ನು ಮಾವೆನ್ನುತ್ತಾರೆ. ಒಂದು ಗುಂಪಂತೂ ಅಶ್ವತ್ಥವನ್ನೇ ಮಾವೆಂದು ಬರೆದುಕೊಂಡು ಬಂದಿತು. ಹೊಂಗೆ ಮತ್ತು ಬೇವನ್ನು ಬೇರ್ಪಡಿಸಲು ಕೊಟ್ಟ ‘ಕಿರುಎಲೆ ದೊಡ್ಡದು, ಕಿರುಎಲೆ ಚಿಕ್ಕದು’ ಎಂಬ ಹಂತದಲ್ಲಿ ವಾದ ಮುಗಿಯುವುದೇ ಇಲ್ಲ. ತಿದ್ದಬೇಕಾದದ್ದು ಕೀಲಿಯನ್ನೋ, ಕಲಿಸುವ ಕ್ರಮವನ್ನೋ?

ಉತ್ತರ:
ಮೇಡಂ, ಎರಡನ್ನೂ ತಿದ್ದಬೇಕು. ಆದರೆ ಹೊಂಗೆಯ ತಪ್ಪು ಕೀಲಿಯನ್ನು ಓದುವ ಮೊದಲೇ, ಎಲೆ ಕೀಳುವಾಗಲೇ ಆಗಿದೆ. ಮಕ್ಕಳು ಕಿತ್ತು ತಂದಿರುವುದು ಇಡೀ ಎಲೆಯನ್ನಲ್ಲ, ಅದರ 5 ಅಥವಾ 7 ಕಿರುಎಲೆಗಳಲ್ಲಿ ಒಂದನ್ನು. ಒಂಟಿಯಾಗಿ ಅಂಗೈಯಲ್ಲಿಟ್ಟು ನೋಡಿದರೆ ಅದು ಸರಳ ಎಲೆಯಂತೆಯೇ ಕಾಣುತ್ತದೆ, ಹಾಲೂ ಇಲ್ಲ. ಕೀಲಿ ಅದನ್ನು ಮಾವಿನ ಕಡೆಗೆ ಕಳುಹಿಸದೆ ಬೇರೆ ದಾರಿಯಿಲ್ಲ. ಎಲೆಯನ್ನು ಕೀಳದೆ, ತಗ್ಗಿನ ರೆಂಬೆಯೊಂದನ್ನು ಬಗ್ಗಿಸಿ ಹಿಡಿದು, ತೊಟ್ಟು ರೆಂಬೆಗೆ ಸೇರುವ ಕಂಕುಳಿನಲ್ಲಿ ಮೊಗ್ಗು ಹುಡುಕಲು ಹೇಳಿ. ಮೊಗ್ಗಿನಿಂದಾಚೆಗೆ ಆ ತೊಟ್ಟಿನ ಮೇಲಿರುವುದೆಲ್ಲ ಸೇರಿ ಒಂದೇ ಎಲೆ. ಕಿರುಎಲೆಯ ಬುಡದಲ್ಲಿ ಮೊಗ್ಗಿರುವುದಿಲ್ಲ. ಎಳೆಯ ರೆಂಬೆಯಲ್ಲಿ ಮೊಗ್ಗು ತೀರಾ ಸಣ್ಣದಾಗಿರುವುದರಿಂದ ಕೈಮಸೂರ ಬೇಕಾಗುತ್ತದೆ. ಇದೊಂದಕ್ಕೇ ಒಂದು ಪೂರ್ತಿ ಪಿರಿಯಡ್ ಕೊಟ್ಟರೂ ನಷ್ಟವಿಲ್ಲ.

ಅಶ್ವತ್ಥದ ಗುಂಪು ನೆಲಕ್ಕೆ ಬಿದ್ದ ಒಣ ಎಲೆಯನ್ನು ತಂದಿತ್ತೇ ಎಂದು ವಿಚಾರಿಸಿ. ಒಣಗಿದ ತೊಟ್ಟಿನಿಂದ ಹಾಲು ಬರುವುದಿಲ್ಲವಾದ್ದರಿಂದ ಆ ಹಂತದಲ್ಲಿ ‘ಹಸಿ ತೊಟ್ಟು’ ಎಂದೇ ಬರೆಯಬೇಕು. ಹಾಲು ತಾಗಿದ ಕೈಯಲ್ಲಿ ಕಣ್ಣುಜ್ಜದಂತೆಯೂ ಎಚ್ಚರಿಸಿ.

ದೊಡ್ಡದು ಎಂದರೆ ಯಾವುದಕ್ಕಿಂತ ದೊಡ್ಡದು ಎಂಬ ಮಕ್ಕಳ ವಾದ ನ್ಯಾಯವಾದದ್ದೇ. ಬೇವಿನ ಕಿರುಎಲೆಯ ಅಂಚು ಗರಗಸದಂತಿದೆ, ಹೊಂಗೆಯದು ನುಣುಪಾಗಿದೆ, ಬೆರಳಾಡಿಸಿದರೆ ತಿಳಿಯುತ್ತದೆ. ತುದಿಯಲ್ಲಿ ಒಂಟಿ ಕಿರುಎಲೆ ಇದೆಯೇ ಎಂಬುದನ್ನು ಮಾತ್ರ ಬೇವಿಗೆ ಲಕ್ಷಣವಾಗಿ ಬಳಸಬೇಡಿ, ಏಕೆಂದರೆ ಎಷ್ಟೋ ಸಲ ಅದು ಅಲ್ಲಿ ಇರುವುದೇ ಇಲ್ಲ.

ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು ಸರ್. ಒಣ ಎಲೆಯೇ ಆಗಿತ್ತು. ರೆಂಬೆ ಬಗ್ಗಿಸಿ ನೋಡಿದ ಮೇಲೆ ಹೊಂಗೆಯನ್ನು ಯಾರೂ ತಪ್ಪಲಿಲ್ಲ. ಆದರೆ ಒಬ್ಬ ಹುಡುಗಿ ಬೇಲಿಯಾಚೆಯ ಹೆಬ್ಬೇವಿಗೆ ಇದೇ ಕೀಲಿ ಹಿಡಿದಳು. ಎಲೆಯ ನಡುದಿಂಡು ಮತ್ತೆ ಕವಲೊಡೆದಿದ್ದರಿಂದ ಅದು ಗುಲ್‌ಮೊಹರ್ ಎಂದಾಯಿತು. ಅವಳು ಎಲ್ಲಿಯೂ ತಪ್ಪು ಹೆಜ್ಜೆ ಇಟ್ಟಿರಲಿಲ್ಲ.

ಉತ್ತರ:
ತಾನು ಅರಿಯದ ಮರಕ್ಕೂ ಕೀಲಿ ಯಾವುದಾದರೊಂದು ಹೆಸರು ಕೊಟ್ಟೇ ಕೊಡುತ್ತದೆ. ಇದನ್ನು ಮಕ್ಕಳಿಗೆ ತೋರಿಸಲು ಅವಳ ಹೆಬ್ಬೇವಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ. ಪ್ರತಿ ಹೆಸರಿನ ಮುಂದೆ ಎರಡು ಸಾಲಿನ ವರ್ಣನೆ ಸೇರಿಸಿ, ಅದು ಎದುರಿನ ಮರಕ್ಕೆ ಹೊಂದದಿದ್ದರೆ ‘ಈ ಕೀಲಿಯಲ್ಲಿಲ್ಲ’ ಎಂದು ಬರೆಯುವ ಅವಕಾಶ ಕೊಡಿ. ಹೊಸ ಹಂತವನ್ನು ಆ ಹುಡುಗಿಯಿಂದಲೇ ಬರೆಸಿ: ‘ಕಿರುಎಲೆ ಬೆರಳಿನ ಉಗುರಿಗಿಂತ ಉದ್ದವಿಲ್ಲ, ಅಂಚು ನುಣುಪು: ಗುಲ್‌ಮೊಹರ್. ಕಿರುಎಲೆ ಉಗುರಿಗಿಂತ ಬಹಳ ಉದ್ದ, ಅಂಚಿನಲ್ಲಿ ಹಲ್ಲುಗಳಿವೆ: ಹೆಬ್ಬೇವು.’