ಮೈಯೆಲ್ಲಾ ನೋವು ಎನ್ನುವ ಟರ್ಕಿಶ್ ರೋಗಿಗಳು: ಡಿಪ್ರೆಶನ್ ಅಂತ ಗುರುತಿಸುವುದು ಹೇಗೆ?

ನೇಸರ (ಪ್ರಶ್ನೆ):
ಜರ್ಮನಿಯ ಕೋಲ್ನ್‌ನಲ್ಲಿ ಫ್ಯಾಮಿಲಿ ಡಾಕ್ಟರ್ ಒಬ್ಬರ ಹತ್ತಿರ ಟ್ರೇನಿಂಗ್‌ನಲ್ಲಿದ್ದೇನೆ. ಟರ್ಕಿಶ್ ಮಾತಾಡುವ ವಯಸ್ಸಾದ ಹೆಂಗಸರು ಜಾಸ್ತಿ ಬರುತ್ತಾರೆ. ಒಬ್ಬರು ಈ ವರ್ಷ ಐದನೇ ಸಲ ಬಂದರು. ತಲೆನೋವು, ಬೆನ್ನುನೋವು, ಎದೆ ಒತ್ತಿದ ಹಾಗೆ. ಇಸಿಜಿ ಸರಿಯಿದೆ. ಅವರು ಎರಡು ನಿಮಿಷ ಮಾತಾಡಿದರು, ಜೊತೆಗಿದ್ದ ಮಗಳು ಅದನ್ನು ಜರ್ಮನ್‌ಗೆ ತಿರುಗಿಸಿ ಹೇಳಿದ್ದು "ನಿದ್ದೆ ಬರಲ್ವಂತೆ" ಅಷ್ಟೇ! ಬೇಜಾರಿದೆಯಾ ಅಂದರೆ ಇಲ್ಲ ಅಂತಾರೆ. ಸೀನಿಯರ್ ಒಬ್ಬರು "ಮೊರ್ಬುಸ್ ಬೋಸ್ಪೋರುಸ್" ("ಬೋಸ್ಪೋರಸ್ ಕಾಯಿಲೆ", ಮೈಯೆಲ್ಲಾ ನೋವು ಎನ್ನುವ ಟರ್ಕಿಯವರನ್ನು ಡಾಕ್ಟರುಗಳು ಆಡಿಕೊಳ್ಳುವ ಮಾತು) ಅಂತ ನಕ್ಕು ಸುಮ್ಮನಾದರು. ನನಗೆ ಕಸಿವಿಸಿ ಆಯಿತು.

ಹಳೇ ಸ್ಟೆತಸ್ಕೋಪ್:
ಆ ಜೋಕು ಹಳೇ ಕೊಳಕು, ಬಿಡಿ. 1961ರಲ್ಲಿ ಜರ್ಮನಿ ಟರ್ಕಿ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿಯವರನ್ನು ಕೆಲಸಕ್ಕೆ ಕರೆಸಿಕೊಂಡಾಗ ಎರಡು ವರ್ಷ ದುಡಿದು ವಾಪಸ್ ಹೋಗ್ತಾರೆ ಅನ್ನೋ ಲೆಕ್ಕ, ಹಾಗಾಗಿ ಭಾಷೆ ಕಲಿಸುವ ಗೋಜಿಗೇ ಹೋಗಲಿಲ್ಲ. 1973ರಲ್ಲಿ ಹೊಸಬರನ್ನು ಕರೆಸುವುದು ನಿಂತಿತು. ಈಗ ಹೋದರೆ ಮತ್ತೆ ಬರೋಕಾಗಲ್ಲ ಅಂತ ಎಷ್ಟೋ ಜನ ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. ನಿಮ್ಮ ರೋಗಿ ಬಹುಶಃ ಹಾಗೆ ಬಂದವರು.

ಮೊದಲು ಮಗಳನ್ನು ಹೊರಗೆ ಕೂರಿಸಿ. ಬದುಕು ಸಾಕಾಗಿದೆ ಅಂತ ಯಾವ ತಾಯಿ ಮಗಳ ಬಾಯಲ್ಲಿ ಹೇಳಿಸ್ತಾಳೆ? ಕ್ಲಿನಿಕ್‌ನಲ್ಲಿ ದುಭಾಷಿಯ ಖರ್ಚನ್ನು ಸಾಮಾನ್ಯವಾಗಿ ಇನ್ಶೂರೆನ್ಸ್ ಕೊಡಲ್ಲ, ಅದೇ ದೊಡ್ಡ ತಲೆನೋವು. ಟರ್ಕಿಶ್ ಬರುವ ಸಹಾಯಕಿ ಇದ್ದರೆ ಅವರನ್ನು ಕೇಳಿ. ಪಿಎಚ್‌ಕ್ಯು-9, ಅಂದರೆ ಡಿಪ್ರೆಶನ್ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ, ಟರ್ಕಿಶ್‌ನಲ್ಲೂ ಇದೆ. ಓದು ಬರದಿದ್ದರೆ ಓದಿ ಹೇಳಿಸಿ. ಸಾವಿನ ಯೋಚನೆಯ ಒಂಬತ್ತನೇ ಪ್ರಶ್ನೆಯನ್ನು ಮುಜುಗರಪಟ್ಟು ಹಾರಿಸಬೇಡಿ.

ಬರ್ಲಿನ್ ಸೊಸೆ:
ಡಾಕ್ಟರ್ ಅಲ್ಲ, ಟರ್ಕಿಶ್ ಮನೆಯ ಸೊಸೆ. ನಮ್ಮತ್ತೆ "ಬೇಜಾರು" ಅನ್ನಲ್ಲ. "ಇಚಿಮ್ ಸಿಕಿಲಿಯೊರ್" ಅಂತಾರೆ, ಒಳಗೆಲ್ಲಾ ಹಿಂಡಿದ ಹಾಗೆ ಅಂತ. ಊಟ ಸೇರದೆ ಸುಸ್ತಾದರೆ ಹೊಕ್ಕುಳು ಬಿದ್ದಿದೆ ಅಂತಾರೆ. ನಮ್ಮ ಕಡೆ ಬಟ್ಟಿ ಬಿದ್ದಿದೆ ಅಂತಾರಲ್ಲ, ಹಾಗೇ! ಅದನ್ನು ಜರ್ಮನ್‌ಗೆ ಪದಕ್ಕೆ ಪದ ತಿರುಗಿಸಿದರೆ ಡಾಕ್ಟರ್ ಹೊಟ್ಟೆಯ ಸ್ಕ್ಯಾನ್ ಬರೀತಾರೆ.

ಮೂರನೇ ಮಹಡಿ:
ಒಂದು ಎಚ್ಚರಿಕೆ. ನೋವನ್ನೆಲ್ಲಾ ಮನಸ್ಸಿನ ತಲೆಗೆ ಕಟ್ಟಬೇಡಿ. ಥೈರಾಯ್ಡ್, ಬಿ12 ನೋಡಿದ್ದೀರಾ? ವರ್ಷಗಟ್ಟಲೆ ನಿಂತು ಕೆಲಸ ಮಾಡಿದವರ ಬೆನ್ನು ನಿಜವಾಗಿಯೂ ಹೋಗಿರುತ್ತೆ, ಡಿಪ್ರೆಶನ್ನೂ ಇರುತ್ತೆ. ಮತ್ತೆ, ಅಲ್ಲೇ ಹುಟ್ಟಿದ ಮೊಮ್ಮಕ್ಕಳು ನಿಮ್ಮ ಮುಂದೆ ಕೂತು ನೇರವಾಗಿಯೇ ಡಿಪ್ರೆಶನ್ ಅಂತಾರೆ, ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನೇಸರ:
ಥೈರಾಯ್ಡ್, ಬಿ12 ಎರಡೂ ಸರಿಯಿವೆ. ಇವತ್ತು ಸಹಾಯಕಿ ಜೊತೆ ಕೂತಿದ್ದೆ. "ಒಳಗೆ ಹಿಂಡಿದ ಹಾಗಾಗೋದು ಯಾವಾಗ?" ಅಂತ ಕೇಳಿಸಿದೆ. ಸಂಜೆ, ಅಂದರು. ಗಂಡ ತೀರಿಕೊಂಡಿದ್ದಾರೆ, ಮಣ್ಣು ಮಾಡಿದ್ದು ಟರ್ಕಿಯಲ್ಲಿ, ಮಕ್ಕಳಿರೋದು ಇಲ್ಲಿ. "ನಾನು ಎಲ್ಲಿರಲಿ?" ಅಂತ ಸಹಾಯಕಿಯನ್ನೇ ಕೇಳಿದರು, ಅವಳೂ ಅತ್ತಳು. ಒಂಬತ್ತು ಪ್ರಶ್ನೆಗೆ ಅರ್ಧ ಗಂಟೆ ಹಿಡಿಯಿತು. 27ಕ್ಕೆ 17 ಬಂತು, ಅಂದರೆ ಡಿಪ್ರೆಶನ್ ಸಾಕಷ್ಟು ತೀವ್ರವಾಗಿದೆ. ಸಾವಿನ ಯೋಚನೆಯ ಒಂಬತ್ತನೆಯದಕ್ಕೆ ಸೊನ್ನೆ. ಗುರುವಾರ ಮತ್ತೆ ಬರ್ತಾರೆ, ಒಬ್ಬರೇ.