ಕೆಂಪಿಯ ಮುಂಗಾಲಿನ ಆಪರೇಷನ್‌ಗೆ ಹಣ ಸೇರಿಸೋದು ಹೇಗೆ? (ಮುಂಬೈ)

ಡೊಂಬಿವಲಿ_ಅಕ್ಕ

ಎಲ್ಲರಿಗೂ ನಮಸ್ಕಾರ. ನಾನಿರೋದು ಡೊಂಬಿವಲಿ ಈಸ್ಟ್‌ನಲ್ಲಿ. ನಮ್ಮ ಬಿಲ್ಡಿಂಗ್ ಹಿಂದಿನ ಗಲ್ಲಿಯಲ್ಲಿ ಹುಟ್ಟಿದ ಒಂದು ಹೆಣ್ಣು ನಾಯಿಮರಿ ಈಗ ನಮ್ಮ ಮನೆಯಲ್ಲಿದೆ. ಹೆಸರು ಕೆಂಪಿ. ತೀರಾ ಚಿಕ್ಕದಿದ್ದಾಗ ಅದಕ್ಕೊಂದು ಸ್ಕೂಟರ್ ತಾಗಿತ್ತು. ಮೂಳೆ ಮುರಿದಿಲ್ಲ ಅಂದರು, ಸ್ವಲ್ಪ ದಿನ ಕುಂಟಿತು, ಆಮೇಲೆ ಸರಿಯಾಗಿ ಓಡಾಡಿಕೊಂಡಿತ್ತು. ಈಗ ಬೆಳೀತಾ ಬೆಳೀತಾ ಬಲ ಮುಂಗಾಲು ಮಣಿಕಟ್ಟಿನಿಂದ ಕೆಳಗೆ ಹೊರಕ್ಕೆ ತಿರುಗಿಕೊಂಡಿದೆ. ನಿಂತರೆ ಆ ಪಂಜ ಪಕ್ಕದ ಗೋಡೆ ಕಡೆ ಮುಖ ಮಾಡಿರುತ್ತದೆ. ಒಳಬದಿ ನೆಲಕ್ಕೆ ಉಜ್ಜಿ ಉಜ್ಜಿ ಕೂದಲು ಹೋಗಿ ಚರ್ಮ ಕೆಂಪಾಗಿದೆ.

ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆಸಿದೆ. ಒಂದು ವರ್ಷ ತುಂಬಿದ ಮೇಲೆ ಮೂಳೆ ಕತ್ತರಿಸಿ ನೇರ ಮಾಡಿ ಪ್ಲೇಟ್ ಹಾಕಬೇಕು, ಒಂದು ಲಕ್ಷದ ಹತ್ತಿರ ಆಗಬಹುದು ಅಂದರು. ಬಾಯಿಮಾತಿನ ಲೆಕ್ಕ, ಚೀಟಿ ಏನೂ ಕೊಡಲಿಲ್ಲ. ನನ್ನ ಕೈಯಲ್ಲಿ ಇಪ್ಪತ್ತೈದು ಸಾವಿರ ಇದೆ, ಅಣ್ಣ ಹತ್ತು ಕೊಡ್ತೀನಿ ಅಂದಿದ್ದಾನೆ. ಉಳಿದದ್ದಕ್ಕೆ ಜನರನ್ನ ಕೇಳಬೇಕು. ನನ್ನ ಜಿಪೇ ನಂಬರ್ ಹಾಕಿ ವಾಟ್ಸಾಪ್ ಗುಂಪುಗಳಲ್ಲಿ ಕಳಿಸಿದರೆ ಸಾಕಾ, ಅಥವಾ ಮಿಲಾಪ್, ಕೆಟ್ಟೋ ತರದ ಆನ್‌ಲೈನಲ್ಲಿ ಹಣ ಸೇರಿಸುವ ಸೈಟುಗಳಲ್ಲಿ ಹಾಕಬೇಕಾ? ಕನ್ನಡ ಸಂಘದ ಗುಂಪಲ್ಲಿ ಬೀದಿನಾಯಿಗೆ ಅಂತ ಹಣ ಕೇಳಿದರೆ ಜನ ಏನಂದುಕೊಳ್ತಾರೋ ಅಂತಲೂ ಇದೆ. ಮಾಡಿದವರಿದ್ದರೆ ದಯವಿಟ್ಟು ಹೇಳಿ.

ಲೆಕ್ಕದ_ಮಾಮ

ಜಿಪೇ ನಂಬರ್ ಹಾಕೋದು ಎಲ್ಲಕ್ಕಿಂತ ಸುಲಭ, ಆಮೇಲೆ ತಲೆನೋವೂ ಅದರದ್ದೇ ಜಾಸ್ತಿ. ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ನಿಮ್ಮ ಖಾತೆಗೆ ಸುಮ್ನೆ ಬಂದ ಹಣ ಒಟ್ಟು 50,000 ರೂಪಾಯಿ ದಾಟಿದರೆ, ದಾಟಿದ ಭಾಗ ಮಾತ್ರ ಅಲ್ಲ, ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. ಅಣ್ಣ ಕೊಟ್ಟಿದ್ದಕ್ಕೆ ಈ ಕಾಟ ಇಲ್ಲ. ಆಫೀಸಿನವರು, ಸಂಘದವರು, ಪಕ್ಕದ ವಿಂಗಿನವರು ಕೊಟ್ಟಿದ್ದಕ್ಕೆ ಇದೆ. ನಾಯಿಗೆ ಖರ್ಚು ಮಾಡಿದೆ ಸಾರ್ ಅಂತ ಆಮೇಲೆ ವಿವರಿಸುತ್ತಾ ಕೂರುವುದು ಯಾರಿಗೆ ಬೇಕು ಹೇಳಿ.

ಅದಕ್ಕೇ ನಾನು ಯಾರಿಗಾದರೂ ಹೇಳೋದು ಇಷ್ಟೇ. ಆಪರೇಷನ್ ಮಾಡುವ ಆಸ್ಪತ್ರೆಯಿಂದ ಲೆಟರ್‌ಹೆಡ್ ಮೇಲೆ ಎಸ್ಟಿಮೇಟ್ ತಗೊಳ್ಳಿ, ಅದರಲ್ಲಿ ನಾಯಿಯ ಹೆಸರು, ಕೇಸ್ ನಂಬರ್ ಇರಲಿ. ಕೊಡುವವರು ನೇರವಾಗಿ ಆಸ್ಪತ್ರೆಯ ಖಾತೆಗೇ ಹಾಕಲಿ, ಕೇಸ್ ನಂಬರ್ ಬರೆದು ಸ್ಕ್ರೀನ್‌ಶಾಟ್ ನಿಮಗೆ ಕಳಿಸಲಿ. ನಿಮ್ಮ ಕೈಗೆ ಹಣವೇ ಬರುವುದಿಲ್ಲ, ಹಾಗಾಗಿ ಯಾರೂ ಬೆರಳು ತೋರಿಸುವ ಹಾಗಿಲ್ಲ. ಆಸ್ಪತ್ರೆಯೋ ಪ್ರಾಣಿಗಳ ಸಂಸ್ಥೆಯೋ ನೋಂದಾಯಿತ ಟ್ರಸ್ಟ್ ಆಗಿದ್ದು 80ಜಿ, ಅಂದರೆ ದಾನ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ಮಾನ್ಯತೆ, ಇದ್ದರೆ ಇನ್ನೂ ಒಳ್ಳೆಯದು. ಆದರೆ 80ಜಿ ರಸೀದಿಯಿಂದ ಲಾಭ ಆಗೋದು ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಅದೂ ನಗದಾಗಿ 2,000ಕ್ಕಿಂತ ಹೆಚ್ಚು ಕೊಟ್ಟರೆ ಲೆಕ್ಕಕ್ಕಿಲ್ಲ. ನಿಮ್ಮ ಖಾತೆಗೆ ಹಾಕಿದವರಿಗಂತೂ 80ಜಿ ಸಿಗುವುದೇ ಇಲ್ಲ, ಯಾರಾದರೂ ಕೇಳಿದರೆ ಮೊದಲೇ ಹೇಳಿಬಿಡಿ.

ದುಬೈ, ಅಮೆರಿಕದಲ್ಲಿರುವ ನಮ್ಮವರನ್ನೂ ಕೇಳ್ತೀರಿ ಅಂದುಕೊಳ್ತೀನಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರ ಹಣ ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರತ್ವ ತಗೊಂಡವರದ್ದು ಹಾಗಲ್ಲ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ ಅಷ್ಟೇ. ಅವರಿಂದ ಹಣ ತಗೊಳ್ಳುವ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾನೂನಿನ ಕೆಳಗೆ ನೋಂದಣಿ ಬೇಕು.

ಮಿಲಾಪ್, ಕೆಟ್ಟೋ ಎಲ್ಲ ಗುರುತಿಲ್ಲದವರನ್ನು ತಲುಪಲು ಸರಿ. ಹಣ ಕಟ್ಟುವಾಗ ಟಿಪ್ ಅಂತ ಒಂದು ಮೊತ್ತ ತಾನಾಗೇ ಸೇರಿಕೊಂಡಿರುತ್ತದೆ, ಬೇಡ ಅಂದರೆ ಕಡಿಮೆ ಮಾಡಿಕೊಳ್ಳಬಹುದು ಅಂತ ನಿಮ್ಮವರಿಗೆ ಒಂದು ಮಾತು ಹೇಳಿ. ನಿಮ್ಮ ಮೊತ್ತಕ್ಕೆ ನನ್ನ ಪ್ರಕಾರ ಅದೇನೂ ಬೇಕಾಗಿಲ್ಲ. ಪರಿಚಯದವರಲ್ಲೇ ಆಗುತ್ತದೆ.

ಪ್ರಾಣಿವೈದ್ಯೆ_ಪರೇಲ್

ಹಣದ ಮಾತು ಒಂದು ನಿಮಿಷ ಪಕ್ಕಕ್ಕಿಡಿ. ಅದಕ್ಕಿಂತ ಮೊದಲು ಒಂದು ಪ್ರಶ್ನೆ ಇದೆ. ಮರಿಗೆ ಈಗ ಎಷ್ಟು ತಿಂಗಳು? ಗೊತ್ತಿಲ್ಲದಿದ್ದರೆ ತುಟಿ ಎತ್ತಿ ಕೋರೆಹಲ್ಲು ನೋಡಿ. ಹಾಲುಹಲ್ಲು ಸೂಜಿಯ ಹಾಗೆ ಸಣ್ಣಗೆ ಇರುತ್ತದೆ, ಅದರ ಪಕ್ಕದಲ್ಲೇ ದಪ್ಪ ಹಲ್ಲು ಮೊಳೆಯುತ್ತಿದ್ದರೆ ಐದಾರು ತಿಂಗಳು. ಎಲ್ಲ ದಪ್ಪ ಹಲ್ಲೇ ಆಗಿದ್ದರೆ ಏಳು ದಾಟಿದೆ.

ಯಾಕೆ ಕೇಳ್ತೀನಿ ಅಂದರೆ, ನೀವು ಹೇಳಿದ್ದು ಕೇಳಿದರೆ ಇದು ಅಲ್ನಾದ ಬೆಳವಣಿಗೆ ನಿಂತಿರುವ ಕೇಸ್ ಇರಬೇಕು. ಮುಂಗಾಲಲ್ಲಿ ಎರಡು ಮೂಳೆ ಅಕ್ಕಪಕ್ಕ ಇರುತ್ತವೆ, ರೇಡಿಯಸ್ ಮತ್ತು ಅಲ್ನಾ. ಎರಡೂ ಒಂದೇ ವೇಗದಲ್ಲಿ ಉದ್ದ ಆಗಬೇಕು. ಅಲ್ನಾ ಬಹುಪಾಲು ಉದ್ದ ಆಗುವುದು ಮಣಿಕಟ್ಟಿನ ಹತ್ತಿರದ ಬೆಳವಣಿಗೆ ಪಟ್ಟಿಯಿಂದ, ಅಂದರೆ ಮೂಳೆಯ ತುದಿಯಲ್ಲಿ ಹೊಸ ಮೂಳೆ ಹುಟ್ಟುವ ಮೆತ್ತನೆಯ ಪದರದಿಂದ. ಆ ಪಟ್ಟಿ ನಾಯಿಗಳಲ್ಲಿ ಚಪ್ಪಟೆಯಾಗಿರದೆ ವಿ ಆಕಾರದಲ್ಲಿರುತ್ತದೆ. ಹಾಗಾಗಿ ಪೆಟ್ಟು ಯಾವ ಕಡೆಯಿಂದ ಬಿದ್ದರೂ ಅದು ಜಜ್ಜಿಹೋಗಬಹುದು. ಆ ದಿನದ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಆಮೇಲೆ ಅಲ್ನಾ ನಿಲ್ಲುತ್ತದೆ, ರೇಡಿಯಸ್ ಬೆಳೆಯುತ್ತಲೇ ಇರುತ್ತದೆ, ಹಗ್ಗ ಬಿಗಿದ ಬಿಲ್ಲಿನ ಹಾಗೆ ಬಾಗುತ್ತದೆ, ಪಂಜ ಹೊರಕ್ಕೆ ತಿರುಗುತ್ತದೆ. ತಡವಾದರೆ ಮೊಣಕೈ ಕೀಲೂ ಸರಿಯಾಗಿ ಕೂರುವುದಿಲ್ಲ, ನಿಜವಾದ ನೋವು ಶುರುವಾಗುವುದು ಅಲ್ಲಿ.

ಮರಿ ಇನ್ನೂ ಬೆಳೆಯುತ್ತಿದ್ದರೆ ಅಲ್ನಾದ ಒಂದು ತುಂಡು ತೆಗೆದು, ಮತ್ತೆ ಕೂಡಿಕೊಳ್ಳದ ಹಾಗೆ ಆ ಜಾಗಕ್ಕೆ ಅದರದ್ದೇ ಮೈಯ ಕೊಬ್ಬು ತುಂಬುತ್ತಾರೆ. ಬಿಗಿತ ಹೋದ ಮೇಲೆ ರೇಡಿಯಸ್ ಎಷ್ಟೋ ಮಟ್ಟಿಗೆ ತಾನೇ ನೇರ ಆಗಬಹುದು. ಇದಕ್ಕೆ ಪ್ಲೇಟೂ ಬೇಡ, ಸ್ಕ್ರೂ ಬೇಡ. ಬೆಳವಣಿಗೆ ಮುಗಿದ ಮೇಲಾದರೆ ರೇಡಿಯಸ್ಸನ್ನೇ ಲೆಕ್ಕ ಹಾಕಿ ಕತ್ತರಿಸಿ, ತಿರುಗಿಸಿ, ಪ್ಲೇಟ್ ಹಾಕಬೇಕು, ಇಲ್ಲವೇ ಹೊರಗಡೆ ಇಲಿಜರೋವ್ ರಿಂಗ್, ಅಂದರೆ ಮೂಳೆಯನ್ನು ತಂತಿಗಳಿಂದ ಹಿಡಿದಿಡುವ ಲೋಹದ ಬಳೆಗಳು, ಕಟ್ಟಬೇಕು. ಅದಕ್ಕೆ ಸಿಟಿ ಸ್ಕ್ಯಾನ್ ಕೂಡ ಕೇಳಬಹುದು. ಖರ್ಚು ಏರುವುದೇ ಅಲ್ಲಿ. ಹಾಗಾಗಿ "ಒಂದು ವರ್ಷ ಕಾಯಿರಿ" ಅನ್ನುವುದು ಎಲ್ಲ ಮರಿಗೂ ಸರಿಯಾದ ಮಾತಲ್ಲ. ನಾನು ಮರಿಯನ್ನು ನೋಡಿಲ್ಲ, ಆದ್ದರಿಂದ ಇದೇ ಅಂತ ಹೇಳಲಾರೆ. ಇನ್ನೊಬ್ಬ ಸರ್ಜನ್ ಹತ್ತಿರ ತೋರಿಸಿ. ಎರಡೂ ಮುಂಗಾಲಿನ ಎಕ್ಸ್‌ರೇ, ಮೊಣಕೈ ಮತ್ತು ಮಣಿಕಟ್ಟು ಎರಡೂ ಕಾಣುವ ಹಾಗೆ ತೆಗೆಸಿ. ಪರೇಲ್‌ನಲ್ಲಿ ಬಾಂಬೆ ವೆಟರ್ನರಿ ಕಾಲೇಜು, ಬಾಯಿ ಸಕರ್‌ಬಾಯಿ ಪೆಟಿಟ್ ಪ್ರಾಣಿ ಆಸ್ಪತ್ರೆ ಇವೆ, ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್ಸ್‌ನವರ ಸಣ್ಣಪ್ರಾಣಿ ಆಸ್ಪತ್ರೆ ಶುರುವಾಗಿದೆ. ಮೊದಲು ಫೋನ್ ಮಾಡಿ ಮೂಳೆ ಸರ್ಜನ್ ಯಾವ ದಿನ ಇರುತ್ತಾರೆ ಅಂತ ಕೇಳಿಕೊಂಡು ಹೋಗಿ.

ಇನ್ನೆರಡು ಮಾತು. ಬೀದಿಯಲ್ಲಿ ಹುಟ್ಟಿದ ಮರಿಗೆ ಉಣ್ಣೆ ಜ್ವರ (ಉಣ್ಣೆ ಹುಳ ಕಚ್ಚಿ ಬರುವುದು) ಸಾಮಾನ್ಯ, ಅದರಿಂದ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆ ಆಗಿದ್ದರೆ ಯಾರೂ ಕತ್ತಿ ಮುಟ್ಟುವುದಿಲ್ಲ. ರಕ್ತ ಪರೀಕ್ಷೆ ಈಗಲೇ ಮಾಡಿಸಿ. ನೋವಿಗೆ ಅಂತ ಮನೆಯಲ್ಲಿರುವ ಐಬುಪ್ರೊಫೆನ್ ಗುಳಿಗೆ ಕೊಡಲೇಬೇಡಿ, ನಾಯಿಗಳಿಗೆ ಅದು ವಿಷ.

ಸುಮ್ನೆ_ಕೇಳ್ದೆ

ಬೇಜಾರು ಮಾಡ್ಕೋಬೇಡಿ ಅಕ್ಕ. ಒಂದು ಲಕ್ಷದಲ್ಲಿ ಎಷ್ಟೋ ನಾಯಿಗಳಿಗೆ ರೇಬೀಸ್ ಇಂಜೆಕ್ಷನ್ ಹಾಕಿಸಬಹುದು. ಮೂರು ಕಾಲಲ್ಲಿ ಓಡಾಡುವ ನಾಯಿಗಳನ್ನೂ ನೋಡಿದ್ದೇನೆ, ಆರಾಮಾಗೇ ಇರುತ್ತವೆ. ಕಾಲು ತೆಗೆಸಿದರೆ ಖರ್ಚೂ ಕಡಿಮೆ ಅಲ್ವಾ?

ಪ್ರಾಣಿವೈದ್ಯೆ_ಪರೇಲ್

ಕೇಳಿದ್ದು ತಪ್ಪೇನಿಲ್ಲ. ಮೂರು ಕಾಲಲ್ಲಿ ನಾಯಿಗಳು ಚೆನ್ನಾಗೇ ಬದುಕುತ್ತವೆ. ಆದರೆ ನಾಯಿಯ ಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲುಗಳ ಮೇಲೆಯೇ ಬೀಳುತ್ತದೆ, ಹಿಂಗಾಲು ಹೋದಷ್ಟು ಸಲೀಸಲ್ಲ. ಇಲ್ಲಿ ಕಾಲಲ್ಲಿ ಜೀವ ಇದೆ, ಸ್ಪರ್ಶ ಇದೆ, ಮರಿ ಬೆಳೆಯುವ ವಯಸ್ಸು. ಕಾಲು ತೆಗೆಯುವುದು ಉಳಿದ ದಾರಿ ಮುಚ್ಚಿದ ಮೇಲಿನ ಮಾತು.

ಮುಲುಂಡ್_ಮನೆ

ನಮ್ಮ ಬಿಲ್ಡಿಂಗ್‌ನಲ್ಲಿ ಒಂದು ನಾಯಿಗೆ ತೊಡೆಮೂಳೆಯ ಆಪರೇಷನ್ ಮಾಡಿಸಿದ್ದೆವು. ಆಪರೇಷನ್ ಬಿಲ್ ಮಾತ್ರ ಕೇಳಬೇಡಿ, ಆಮೇಲಿನದ್ದೂ ಸೇರಿಸಿ ಕೇಳಿ. ಡ್ರೆಸ್ಸಿಂಗ್, ಔಷಧಿ, ಕುತ್ತಿಗೆಗೆ ಹಾಕುವ ಕೋನ್, ಆರೆಂಟು ವಾರಕ್ಕೆ ಮತ್ತೊಂದು ಎಕ್ಸ್‌ರೇ, ಪ್ರತಿ ಸಲ ಗಾಡಿ ಬಾಡಿಗೆ. ಡೊಂಬಿವಲಿಯಿಂದ ಪರೇಲ್‌ಗೆ ನಾಯಿ ಹತ್ತಿಸಿಕೊಳ್ಳುವ ಟ್ಯಾಕ್ಸಿ ಹುಡುಕುವುದೇ ಒಂದು ಸಾಹಸ! ಮೊದಲ ವಾರ ದುಡ್ಡು ಕೊಟ್ಟ ಜನ ಎರಡನೇ ಸಲ ಕೇಳಿದರೆ ಫೋನ್ ಎತ್ತುವುದಿಲ್ಲ, ಅವರದ್ದೂ ತಪ್ಪಲ್ಲ.

ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಕಾಲು ಸರಿಯಾದ ಮೇಲೆ ಅದು ಎಲ್ಲಿರುತ್ತದೆ? ಮತ್ತೆ ಅದೇ ಗಲ್ಲಿಗೆ ಬಿಡ್ತೀರಾದರೆ ಜನ ಕೈ ಬಿಚ್ಚುವುದಿಲ್ಲ. ನೀವೇ ಇಟ್ಟುಕೊಳ್ತೀರಾ, ದತ್ತು ಕೊಡ್ತೀರಾ, ಮೊದಲ ಸಾಲಲ್ಲೇ ಬರೆಯಿರಿ. ಫೋಟೋ ಹಾಕುವಾಗ ಅಳುಮುಖದ್ದು ಬೇಡ. ಎದುರಿನಿಂದ ನಿಂತಿರುವುದು ಒಂದು, ಹತ್ತು ಸೆಕೆಂಡ್ ನಡೆಯುವ ವಿಡಿಯೋ ಒಂದು. ಕಾಲು ಹೇಗಿದೆ ಅಂತ ಅದೇ ಹೇಳುತ್ತದೆ.

ಕನ್ನಡದವರು ಏನಂದುಕೊಳ್ತಾರೋ ಅನ್ನೋ ಚಿಂತೆ ಬಿಡಿ. ನಾವು ಸುಮ್ನೆ ಹಣ ಕೇಳದೆ ಸಾರಿನಪುಡಿ, ಚಟ್ನಿಪುಡಿ, ಚಕ್ಕುಲಿ ಮಾರಿದೆವು. ಮಾಟುಂಗಾದಿಂದ ಬ್ಯಾಡಗಿ ಮೆಣಸಿನಕಾಯಿ ತಂದು ನಮ್ಮತ್ತೆ ಹುರಿದು ಕುಟ್ಟಿಸಿದರು, ಇಡೀ ಮಹಡಿ ಸೀನಿತು. ಬೀದಿನಾಯಿ ಅಂದರೆ ಮುಖ ತಿರುಗಿಸುವ ಒಬ್ಬ ಕಾಕಾ ಎರಡು ಕಿಲೋ ಪುಡಿ ತಗೊಂಡರು, ನಾಯಿಗಲ್ಲ ಪುಡಿಗೆ ಅಂತ ಹೇಳಿಯೇ ತಗೊಂಡರು.

ಮನೆಯಲ್ಲಿ ಟೈಲ್ಸ್ ಇದ್ದರೆ ಈಗಲೇ ಹಳೇ ಯೋಗಾ ಮ್ಯಾಟ್ ಸೇರಿಸಿಡಿ. ಆಪರೇಷನ್ ಆದ ಕಾಲು ನುಣುಪು ನೆಲದ ಮೇಲೆ ಜಾರಿದರೆ ಎಲ್ಲ ಹೋಯಿತು. ಆಪರೇಷನ್ ಆದ ಮೇಲೆ ನಾಯಿ ಓಡಾಡದ ಹಾಗೆ ಇಡುವ ಪಂಜರ ಹೊಸದು ಕೊಳ್ಳಬೇಡಿ, ನಮ್ಮದು ಲಾಫ್ಟ್ ಮೇಲೆ ಇದೆ, ಒಯ್ಯಿರಿ.

ಡೊಂಬಿವಲಿ_ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಹಲ್ಲು ನೋಡಿದೆ, ಮೇಲಿನ ಎರಡೂ ಕಡೆ ಸೂಜಿಹಲ್ಲಿನ ಪಕ್ಕ ದಪ್ಪ ಹಲ್ಲು ಬರುತ್ತಿದೆ. ಕೂಡಲೇ ಇನ್ನೊಬ್ಬ ಸರ್ಜನ್ ಹತ್ತಿರ ಕರ್ಕೊಂಡು ಹೋದೆವು. ಎರಡೂ ಕಾಲಿನ ಎಕ್ಸ್‌ರೇ ಪಕ್ಕಪಕ್ಕ ಹಚ್ಚಿ ತೋರಿಸಿದರು. ಎಡಗಾಲಲ್ಲಿ ಆ ವಿ ಗೆರೆ ಕಪ್ಪಾಗಿ ಕಾಣುತ್ತದೆ, ಬಲಗಾಲಲ್ಲಿ ಅಲ್ಲಿ ಪೂರ್ತಿ ಬಿಳಿ. ರೇಡಿಯಸ್‌ನ ಪಟ್ಟಿ ಇನ್ನೂ ತೆರೆದಿದೆ. ಅಲ್ನಾದ ತುಂಡು ತೆಗೆಯುವ ಆಪರೇಷನ್ನೇ ಮಾಡೋಣ, ಆದರೆ ತಡ ಮಾಡಬೇಡಿ ಅಂದರು. ಪೂರ್ತಿ ನೇರ ಆಗದಿದ್ದರೆ ದೊಡ್ಡದಾದ ಮೇಲೆ ಇನ್ನೊಂದು ಬೇಕಾಗಬಹುದು ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿದರು. ಲೆಟರ್‌ಹೆಡ್ ಮೇಲೆ 38,000 ಬರೆದುಕೊಟ್ಟಿದ್ದಾರೆ.

ಈಗಿನ ಸಮಸ್ಯೆ ಬೇರೆ. ರಕ್ತದಲ್ಲಿ ಉಣ್ಣೆ ಜ್ವರ ಬಂತು, ಪ್ಲೇಟ್‌ಲೆಟ್ ಕಡಿಮೆ. ಡಾಕ್ಸಿಸೈಕ್ಲಿನ್ ಶುರು ಮಾಡಿದ್ದಾರೆ, ಮುಂದಿನ ವಾರ ಮತ್ತೆ ರಕ್ತ ನೋಡಿ ದಿನ ಹೇಳ್ತಾರೆ. ಗುಳಿಗೆಯನ್ನು ಇಡ್ಲಿಯೊಳಗೆ ಇಟ್ಟರೆ ಇಡ್ಲಿ ತಿಂದು ಗುಳಿಗೆ ಉಗಿಯುತ್ತದೆ, ಕಳ್ಳಿ. ಆಪರೇಷನ್ ಆದ ಮೇಲೆ ನಮ್ಮಲ್ಲೇ ಇರುತ್ತಾಳೆ, ಅಮ್ಮ ಒಪ್ಪಿದ್ದಾರೆ.

ನನ್ನದು, ಅಣ್ಣನದು ಸೇರಿ 35,000 ಇದೆ. ಆಮೇಲಿನ ಖರ್ಚೂ ಸೇರಿಸಿ ಇನ್ನು 15,000 ಬೇಕು, ಅಷ್ಟೇ ಕೇಳ್ತೀನಿ. ದಿನ ಗೊತ್ತಾಗದೆ ಈಗಲೇ ಕೇಳಬಹುದಾ?

ಲೆಕ್ಕದ_ಮಾಮ

ಈಗಲೇ ಬರೆಯಿರಿ, ಹಣ ಮಾತ್ರ ದಿನ ಗೊತ್ತಾದ ಮೇಲೆ ಹಾಕಲಿ. ಎಷ್ಟು ಕೊಡ್ತೀವಿ ಅಂತ ಹೆಸರು ಬರೆಸಿಕೊಂಡು ಒಂದು ಶೀಟ್ ಮಾಡಿ ಗುಂಪಲ್ಲೇ ಹಾಕಿ. ಆಸ್ಪತ್ರೆಯವರನ್ನ ಇನ್ನೊಂದು ಕೇಳಿ, ಕಟ್ಟಿದ್ದು ಬಿಲ್‌ಗಿಂತ ಹೆಚ್ಚಾದರೆ ವಾಪಸ್ ಕೊಡ್ತಾರಾ, ಅಥವಾ ಕೆಂಪಿಯ ಹೆಸರಲ್ಲೇ ಮುಂದಿನ ಎಕ್ಸ್‌ರೇಗೆ ಇಟ್ಟುಕೊಳ್ತಾರಾ ಅಂತ. ಆ ಉತ್ತರವನ್ನೂ ಶೀಟ್‌ನ ಮೇಲ್ಗಡೆ ಬರೆಯಿರಿ. ನನ್ನ ಹೆಸರಿಗೆ ಎರಡು ಸಾವಿರ ಹಾಕಿಕೊಳ್ಳಿ.

ಸುಮ್ನೆ_ಕೇಳ್ದೆ

ನನ್ನದು ಐನೂರು. ಗುಳಿಗೆ ಇಡ್ಲಿಯಲ್ಲಿ ಬೇಡ, ಬೆಣ್ಣೆ ಹಚ್ಚಿ ನಾಲಿಗೆಯ ಹಿಂದಕ್ಕೆ ಇಟ್ಟು ಬಾಯಿ ಮುಚ್ಚಿ ಹಿಡಿಯಿರಿ, ಆಮೇಲೆ ಸ್ವಲ್ಪ ನೀರು ಕುಡಿಸಿ.