ಮರು: ‘ಫ್ರೀ ಸೋರ್ಸ್ ಕೋಡ್’ಗೆ ಕನ್ನಡದಲ್ಲಿ ಏನು? (ಬ್ಯಾನರ್ ಇವತ್ತು ಸಂಜೆ ಪ್ರಿಂಟಿಗೆ)

> ಭಾನುವಾರ ಉಡುಪಿಯಲ್ಲಿ ನಾವು ನಾಲ್ಕು ಜನ ಸೇರಿ, ಗೇಮ್ ಮಾಡುವ ತಂತ್ರಾಂಶವಾದ ಗೋಡೋ ಎಂಜಿನ್‌ನಲ್ಲಿ ಮಾಡಿದ ಸಣ್ಣ ಗೇಮ್‌ಗಳ ಕೋಡ್, ಅಂದರೆ ಪ್ರೋಗ್ರಾಮ್ ಬರೆದ ಮೂಲ ಸಾಲುಗಳನ್ನು, ಹಂಚುತ್ತೇವೆ. ಟ್ಯುಟೋರಿಯಲ್ಲೂ ಇದೆ. ‘ಹವ್ಯಾಸಿ ಆಟಗಾರರಿಗೆ ಉಚಿತ ಆಕರ ಸಂಕೇತ’ ಎಂದು ಹಾಕಬಹುದೇ?

ಬೇಡ. ಹೀಗೆ ಹಾಕಿ: ‘ಗೇಮ್ ಮಾಡುವ ಹವ್ಯಾಸಿಗಳಿಗೆ ಮುಕ್ತ ಕೋಡ್ ಮತ್ತು ಪಾಠ’. ಮೊದಲು ಇದನ್ನು ಪ್ರೆಸ್ಸಿಗೆ ಕಳಿಸಿ. ಕಾರಣ ಆಮೇಲೆ ಓದಿದರೂ ಆಗುತ್ತದೆ.

ಆಟಗಾರ ಅಂದರೆ ಆಡುವವನು, ಮಾಡುವವನಲ್ಲ. ‘ಆಟ ಕಟ್ಟುವವರು’ ಎಂದು ನಿನ್ನೆ ಒಬ್ಬರು ಸೂಚಿಸಿದರು. ಬೆಂಗಳೂರಿನಲ್ಲಿ ನಡೆದೀತು. ಉಡುಪಿಯಲ್ಲಿ ಆಟ ಅಂದರೆ ಯಕ್ಷಗಾನ. ಅಲ್ಲಿ ಹವ್ಯಾಸಿ ತಂಡಗಳೂ ಬೇಕಾದಷ್ಟಿವೆ. ಬ್ಯಾನರ್ ನೋಡಿದವರು ‘ಯಾವ ಪ್ರಸಂಗ?’ ಎಂದು ಕೇಳುತ್ತಾರೆ. ಗೇಮ್ ಎಂದೇ ಇರಲಿ.

ಇನ್ನು ‘ಉಚಿತ’. ಇದು ಸಂಸ್ಕೃತದಲ್ಲಿ ‘ತಕ್ಕದ್ದು, ಸರಿಯಾದದ್ದು’. ಅನುಚಿತ, ಔಚಿತ್ಯ ಎನ್ನುವಾಗ ನಾವೂ ಆ ಅರ್ಥದಲ್ಲೇ ಬಳಸುತ್ತೇವೆ. ಹಿಂದಿಯವರಿಗೆ ಇವತ್ತಿಗೂ ಅದೇ ಅರ್ಥ. ದುಡ್ಡಿಲ್ಲದೆ ಸಿಗುವುದು ಎಂಬ ಅರ್ಥ ನಮ್ಮಲ್ಲಿ, ತೆಲುಗಿನಲ್ಲಿ ಬೆಳೆದದ್ದು. ಹಾಗೆ ಬೆಳೆದದ್ದು ತಪ್ಪೇನಲ್ಲ. ಆದರೆ ನೀವು ಕೊಡುತ್ತಿರುವುದು ದುಡ್ಡಿಲ್ಲದ ವಸ್ತು ಮಾತ್ರವಲ್ಲ, ತಿದ್ದುವ ಮತ್ತು ಹಂಚುವ ಹಕ್ಕು ಕೂಡ. ಕನ್ನಡ ಟೈಪ್ ಮಾಡುವ ‘ಬರಹ’ ತಂತ್ರಾಂಶ ಬಹಳ ಕಾಲ ಉಚಿತವಾಗಿ ಸಿಗುತ್ತಿತ್ತು. ಕನ್ನಡಕ್ಕೆ ಅದರಿಂದ ಆದ ಉಪಕಾರ ದೊಡ್ಡದು. ಆದರೂ ಅದರ ಕೋಡ್ ತೆಗೆದು ತಿದ್ದಲು ನಮಗೆ ಆಗುತ್ತಿರಲಿಲ್ಲ. ಉಚಿತ ಬೇರೆ, ಮುಕ್ತ ಬೇರೆ.

ಗೇಮ್ ಲೋಕದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಡೂಮ್ ಎಂಬ ಗುಂಡು ಹಾರಿಸುವ ಗೇಮ್ 1993ರಲ್ಲಿ ಬಂತು. ಅದರ ಕೋಡನ್ನು, ಅದನ್ನು ಬರೆದವರಲ್ಲಿ ಮುಖ್ಯರಾದ ಜಾನ್ ಕಾರ್ಮ್ಯಾಕ್ 1997ರ ಡಿಸೆಂಬರಿನಲ್ಲಿ ಹೊರಗೆ ಬಿಟ್ಟರು. ಸದ್ದಿನ ಭಾಗ ಬೇರೆಯವರ ಸ್ವತ್ತಾಗಿದ್ದರಿಂದ ಅದನ್ನು ಕೊಡಲಾಗಲಿಲ್ಲ. ಮೊದಲು ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತಿತ್ತು. 1999ರಲ್ಲಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿ ಬಂತು. ಆಗಲೂ ಚಿತ್ರಗಳು, ಹಂತಗಳು ಕಂಪನಿಯ ಹತ್ತಿರವೇ ಉಳಿದವು. ‘ಡೂಮ್ ಉಚಿತ’ ಅಂದರೆ ಸುಳ್ಳು. ‘ಡೂಮ್ ಕೋಡ್ ಮುಕ್ತ’ ಅಂದರೆ ನಿಜ.

ನಿಮ್ಮನ್ನೂ ಅದೇ ಕೇಳಬೇಕು. ಯಾವ ಪರವಾನಗಿ ಹಾಕಿದ್ದೀರಿ? ಏನೂ ಹಾಕದಿದ್ದರೆ ಎಲ್ಲ ಹಕ್ಕೂ ನಿಮ್ಮಲ್ಲೇ ಉಳಿಯುತ್ತದೆ, ‘ಮುಕ್ತ’ ಎಂದು ಬರೆದದ್ದು ಸುಳ್ಳಾಗುತ್ತದೆ. ಗೋಡೋ ಎಂಜಿನ್ನೇ ಎಂಐಟಿ ಪರವಾನಗಿಯಲ್ಲಿದೆ. ನೀವೂ ಅದನ್ನೇ ಹಾಕಿದರೆ, ನಿಮ್ಮ ಹೆಸರು ಮತ್ತು ಪರವಾನಗಿಯ ಪಠ್ಯ ಉಳಿಸಿಕೊಂಡರೆ ಸಾಕು, ಯಾರು ಏನು ಬೇಕಾದರೂ ಮಾಡಬಹುದು. ತಿದ್ದಿ ಹಂಚುವವರು ತಮ್ಮ ಕೋಡನ್ನೂ ಕೊಡಲೇಬೇಕು ಅನ್ನಿಸಿದರೆ ಜಿಪಿಎಲ್. ಚಿತ್ರ, ಸಂಗೀತ ಬೇರೆ ಕಡೆಯಿಂದ ತಂದಿದ್ದರೆ ಅದರ ಷರತ್ತು ಬೇರೆಯೇ ಇರುತ್ತದೆ, ನೋಡಿಕೊಳ್ಳಿ.

ಕೋಡ್ ಎನ್ನಲು ‘ಸಂಕೇತ’ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಇಬ್ಬರ ನಡುವಿನ ಗುಟ್ಟಿನ ಗುರುತು ಅದು. ಗೂಢಲಿಪಿಗೆ ಸರಿ. ಸೋರ್ಸ್ ಕೋಡ್ ಇದರ ಉಲ್ಟಾ, ಮನುಷ್ಯರು ಓದಲೆಂದೇ ಬರೆದದ್ದು. ಗ್ರಂಥ ಸಂಪಾದಕರ ‘ಮೂಲಪಾಠ’ ಚೆನ್ನಾಗಿ ಹೊಂದುತ್ತದೆ. ಆದರೆ ಪಕ್ಕದಲ್ಲೇ ಟ್ಯುಟೋರಿಯಲ್ಲಿಗೆ ‘ಪಾಠ’ ಬರುವುದರಿಂದ ಗೊಂದಲ. ಬಿಟ್ಟುಬಿಟ್ಟೆ.

‘ಮುಕ್ತ ಕೋಡ್’ ಅರಿಸಮಾಸ, ಅಂದರೆ ಬೇರೆ ಬೇರೆ ಭಾಷೆಯ ಪದಗಳ ಹೊಂದದ ಜೋಡಣೆ ಎಂದು ಮೇಷ್ಟ್ರು ಈ ಚರ್ಚೆಯಲ್ಲಿ ಈಗಾಗಲೇ ಬರೆದಿದ್ದಾರೆ. ಮೇಷ್ಟ್ರೇ, ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಹೇಳಿದ್ದು ಸಂಸ್ಕೃತ-ಕನ್ನಡದ ಬೆರಕೆಯನ್ನು. ಬಿರುದಾವಳಿಗೆ, ಹಿಂದಿನ ಕವಿಗಳ ಬಳಕೆಗೆ ಅವನೂ ರಿಯಾಯಿತಿ ಕೊಟ್ಟಿದ್ದಾನೆ. ‘ಜಿಲ್ಲಾಧಿಕಾರಿ’ಯಲ್ಲಿ ಅರಬ್ಬಿ ಜಿಲ್ಲೆಗೂ ಸಂಸ್ಕೃತದ ಅಧಿಕಾರಿಗೂ ಸವರ್ಣದೀರ್ಘ ಸಂಧಿಯೇ ಆಗಿದೆ. ಅದನ್ನು ತಿದ್ದಲು ಯಾರೂ ಹೋಗಿಲ್ಲ, ಅಲ್ವಾ? ಬಸ್ ನಿಲ್ದಾಣ ದಿನಾ ಓದುತ್ತೇವೆ. ಕೋಡ್ ಬಂದರೆ ಮಾತ್ರ ಭಾಷೆ ಕೆಟ್ಟಿತೇ?

ಓಪನ್ ಸೋರ್ಸ್ ಎನ್ನಲು ‘ಬಿಡುಸೆಲೆ’ ಎಂಬ ಅಚ್ಚಗನ್ನಡ ಪದ ಸೂಚಿಸಿದವರಿಗೂ ಒಂದು ಮಾತು. ಸೆಲೆ ನನಗೂ ಇಷ್ಟದ ಪದ. ಆದರೆ ಬ್ಯಾನರ್ ಓದಿ ಒಳಗೆ ಬರಬೇಕಾದವಳು ಪಿಯುಸಿ ಹುಡುಗಿ. ಅವಳು ಕೋಡ್ ಎಂಬ ಪದ ತಿಳಿದೇ ಬಂದಿರುತ್ತಾಳೆ. ಬಾಗಿಲಲ್ಲೇ ಇನ್ನೊಂದು ಪದ ಕಲಿ ಅಂದರೆ ವಾಪಸ್ ಹೋಗುತ್ತಾಳೆ.

ನನಗೆ ಬ್ಯಾನರಿಗಿಂತ ಜಾಸ್ತಿ ಚಿಂತೆ ಕೋಡ್ ಒಳಗಿನ ಟಿಪ್ಪಣಿಗಳದ್ದು. ‘ಇಲ್ಲಿ ಚೆಂಡು ಗೋಡೆಗೆ ತಾಗಿತೇ ನೋಡು’ ಎಂದು ಒಂದು ಸಾಲು ಕನ್ನಡದಲ್ಲಿ ಇದ್ದರೆ ಆ ಹುಡುಗಿ ಮುಂದಿನ ಹತ್ತು ಸಾಲು ತಾನೇ ಓದುತ್ತಾಳೆ. ನಿಮ್ಮದರಲ್ಲಿ ಟಿಪ್ಪಣಿ ಇಂಗ್ಲಿಷಿನಲ್ಲಿದ್ದರೆ ಫೈಲ್ ನನಗೆ ಕಳಿಸಿ. ಶನಿವಾರದೊಳಗೆ ಕನ್ನಡದಲ್ಲಿ ಬರೆದುಕೊಡುತ್ತೇನೆ.